ಮನೆ ಪ್ರಾರ್ಥನೆಯಲ್ಲಿ ಗರ್ವದ ಬಗ್ಗೆ ಹತ್ತು ನಿಮಿಷ ಮಾತಾಡಬೇಕಾ? ಹೀಗೆ ತಯಾರಾಗಿ

ತಿಂಗಳಿಗೆ ಇಬ್ಬರು ಮೂವರಾದರೂ ಇದೇ ಪ್ರಶ್ನೆ ಕಳಿಸುತ್ತೀರಿ. "ಬ್ರದರ್, ಬರುವ ಶುಕ್ರವಾರ ಮನೆ ಪ್ರಾರ್ಥನೆಯಲ್ಲಿ ನಾನೇ ವಾಕ್ಯ ಹೇಳಬೇಕಂತೆ. ಗರ್ವ, ದೀನತೆ ಅಂತ ವಿಷಯ ಕೊಟ್ಟಿದ್ದಾರೆ. ಏನು ಹೇಳ್ಲಿ?" ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ನನಗೂ ಸಾಕಾಗಿದೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದುಬಿಡುತ್ತೇನೆ.

ಇದು ಪಾಸ್ಟರುಗಳಿಗೆ, ಅಯ್ಯನವರಿಗೆ ಬರೆದದ್ದಲ್ಲ. ದಾವಣಗೆರೆಯಲ್ಲೋ ಹರಿಹರದಲ್ಲೋ ದುರ್ಗದಲ್ಲೋ ಒಂದು ಹಾಲಿನಲ್ಲಿ ಚಾಪೆ ಹಾಸಿ ಹತ್ತು ಹದಿನೈದು ಜನ ಕೂತಿರುತ್ತಾರಲ್ಲ, ಅಡುಗೆಮನೆಯಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬರುತ್ತಿರುತ್ತದಲ್ಲ, ಅಲ್ಲಿ ಮೊದಲ ಸಲ ಎದ್ದು ನಿಲ್ಲುವವರಿಗೆ.

ವಿಷಯ ಸುಲಭ ಅನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. "ಗರ್ವ ಬೇಡ, ತಗ್ಗಿ ನಡೆಯಿರಿ" ಅಂದರೆ ಮಾತು ಮುಗಿಯಿತು. ಉಳಿದ ಒಂಬತ್ತು ನಿಮಿಷ ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇವೆ. ಕೇಳುವವರು ಗೋಡೆ ಗಡಿಯಾರ ನೋಡುತ್ತಾರೆ.

ಏನೇನು ಬೇಕು

ಒಂದು ಸತ್ಯವೇದ, ಅಂದರೆ ಬೈಬಲ್. ಆದರೆ ಎರಡು ಅನುವಾದ ಇದ್ದರೆ ಒಳ್ಳೆಯದು, ಹಳೆಯದು ಒಂದು, ಈಗಿನ ಸರಳ ಕನ್ನಡದ್ದು ಒಂದು. ಫೋನಿನಲ್ಲಿದ್ದರೂ ಆಯಿತು. ನೀವು ಕಥೋಲಿಕರಾದರೆ ನಿಮ್ಮ ಬೈಬಲ್‌ನಲ್ಲಿ ಕೆಲವು ಹೆಸರುಗಳ ಕಾಗುಣಿತ ಬೇರೆ ಇರುತ್ತದೆ, ಅಧ್ಯಾಯದ ನಂಬರ್ ಹಿಡಿದು ಹುಡುಕಿಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್, ಪೆನ್ನು, ಮೂರು ಸಂಜೆ. ಶುಕ್ರವಾರ ಮಧ್ಯಾಹ್ನ ಕೂತು ಶುಕ್ರವಾರ ಸಂಜೆಗೆ ತಯಾರಾಗುತ್ತೇನೆ ಅಂದರೆ ಈ ಲೇಖನ ನಿಮಗೆ ಉಪಯೋಗವಿಲ್ಲ.

1. ಮೊದಲು ಪದಗಳನ್ನು ಬಿಡಿಸಿಕೊಳ್ಳಿ

ನಾವು ದಿನಾ ಆಡುವ ಕನ್ನಡದಲ್ಲಿ 'ದೀನ' ಅಂದರೆ ಪಾಪದವನು, ಗತಿಯಿಲ್ಲದವನು. "ದೀನನಾಗಿ ಬೇಡಿಕೊಂಡ" ಅಂತೀವಿ. ಸತ್ಯವೇದದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿದೆ: ತನ್ನ ಅಳತೆ ತನಗೆ ಗೊತ್ತಿರುವವನು, ದೇವರ ಮುಂದೆ ತನ್ನ ಜಾಗ ಯಾವುದು ಅಂತ ತಿಳಿದವನು. ಮತ್ತಾಯ 11:29ರಲ್ಲಿ ಯೇಸು ತನ್ನನ್ನೇ ಸಾತ್ವಿಕ, ದೀನಮನಸ್ಸುಳ್ಳವನು ಅನ್ನುತ್ತಾನೆ. ಅದೇ ಯೇಸು ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದವನು. ಅಂದಮೇಲೆ ದೀನತೆ ಅಂದರೆ ಬಾಯಿಮುಚ್ಚಿಕೊಂಡಿರುವುದಲ್ಲ ಅಲ್ವಾ?

ಅರಣ್ಯಕಾಂಡ 12:3 ಇನ್ನೂ ಸ್ಪಷ್ಟ. ಭೂಮಿಯ ಮೇಲಿದ್ದ ಎಲ್ಲರಿಗಿಂತ ಮೋಶೆ ಹೆಚ್ಚು ಸಾತ್ವಿಕನಾಗಿದ್ದ ಅಂತ ಬರೆದಿದೆ. ಐಗುಪ್ತದ ಅರಸ ಫರೋಹನ ಎದುರು ನಿಂತು ಜನರನ್ನು ಬಿಡು ಅಂದವನು ಅವನೇ.

ಗರ್ವಕ್ಕೆ ಹಳೆಯ ಒಡಂಬಡಿಕೆಯಲ್ಲಿ (ಸತ್ಯವೇದದಲ್ಲಿ ಯೇಸುವಿಗಿಂತ ಹಿಂದಿನ ಭಾಗ) ಒಂದು ಮಾತಿನ ರೀತಿ ಇದೆ, ಹೃದಯ ಎತ್ತರವಾಯಿತು ಅಂತ. ಮೂಲ ಹೀಬ್ರೂವಿನಲ್ಲಿ, ಅಂದರೆ ಯೆಹೂದ್ಯರ ಭಾಷೆಯಲ್ಲಿ, ಹಾಗೇ ಇದೆ. ತಲೆ ಎತ್ತುವುದಲ್ಲ, ಒಳಗೆ ಎತ್ತರವಾಗುವುದು. ಇದನ್ನು ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

2. ಒಂದೇ ಕಥೆ ಆರಿಸಿ

ಹೊಸಬರು ಎಲ್ಲರೂ ಬೀಳುವ ಗುಂಡಿ ಇದು. ಗರ್ವ ಅಂತ ಫೋನಿನಲ್ಲಿ ಹುಡುಕಿ, ಬಂದ ಇಪ್ಪತ್ತು ವಾಕ್ಯಗಳನ್ನು ಬರೆದುಕೊಂಡು, ಒಂದಾದ ಮೇಲೆ ಒಂದು ಓದಿಸುತ್ತಾರೆ. ಜನ ಪುಟ ತಿರುವುವುದರಲ್ಲೇ ಇರುತ್ತಾರೆ, ಯಾರ ತಲೆಗೂ ಏನೂ ಹೋಗುವುದಿಲ್ಲ.

ಆರಿಸಿಕೊಳ್ಳಲು ಕಥೆಗಳು ಬೇಕಾದಷ್ಟಿವೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಅರಮನೆಯ ಮಾಳಿಗೆ ಮೇಲೆ ಓಡಾಡುತ್ತಾ "ಇದೆಲ್ಲಾ ನಾನು ಕಟ್ಟಿದ್ದು" ಅಂದದ್ದು, ಆಮೇಲೆ ಎತ್ತಿನ ಹಾಗೆ ಹುಲ್ಲು ತಿಂದದ್ದು (ದಾನಿಯೇಲ 4). ಗಿದ್ಯೋನನ 32,000 ಜನರ ಸೈನ್ಯವನ್ನು ದೇವರು 300ಕ್ಕೆ ಇಳಿಸಿದ್ದು, ಆಮೇಲೆ ನಮ್ಮ ಕೈಯೇ ನಮ್ಮನ್ನು ಕಾಪಾಡಿತು ಅಂತ ಅವರು ಕೊಚ್ಚಿಕೊಳ್ಳಬಾರದು ಅಂತ (ನ್ಯಾಯಸ್ಥಾಪಕರು 7). ಸೇನಾಪತಿ ನಾಮಾನನಿಗೆ ಕುಷ್ಠ ವಾಸಿಯಾಗಲು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂದಾಗ, ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಚೆನ್ನಾಗಿಲ್ವಾ ಅಂತ ಸಿಟ್ಟಾಗಿ ಹೊರಟದ್ದು (2 ಅರಸುಗಳು 5). ತುಂಗಭದ್ರೆ ದಡದ ಹರಿಹರದವರಿಗೆ ಭದ್ರಾ ನಾಲೆಯಲ್ಲಿ ಮುಳುಗಿ ಬಾ ಅಂದ ಹಾಗೆ. ಮಕ್ಕಳು ಜಾಸ್ತಿ ಇರುವ ಕೂಟವಾದರೆ ನಾಮಾನನನ್ನೇ ತೆಗೆದುಕೊಳ್ಳಿ.

ದೊಡ್ಡವರ ಕೂಟಕ್ಕೆ ನನ್ನ ಆಯ್ಕೆ ಯಾವಾಗಲೂ ಯೆಹೂದದ ಅರಸ ಉಜ್ಜೀಯ. 2 ಪೂರ್ವಕಾಲವೃತ್ತಾಂತ 26. ಹೆಚ್ಚು ಜನ ಕೇಳಿರದ ಕಥೆ, ಹಾಗಾಗಿ ಕಿವಿ ತೆರೆದಿರುತ್ತದೆ.

3. ಪೆನ್ನು ಹಿಡಿದು ಓದಿ

ಮೊದಲ ಸಂಜೆ ಪೂರ್ತಿ ಇದಕ್ಕೇ ಕೊಡಿ. ಅಧ್ಯಾಯದಲ್ಲಿ 23 ವಾಕ್ಯ ಇವೆ. ಎರಡು ಸಲ ಸುಮ್ನೆ ಓದಿ, ಮೂರನೇ ಸಲ ಅವನ ಆಸ್ತಿಯನ್ನು ಪಟ್ಟಿ ಮಾಡಿ.

ಉಜ್ಜೀಯ ಪಟ್ಟಕ್ಕೆ ಬಂದಾಗ ಅವನಿಗೆ 16 ವರ್ಷ. ಯೆರೂಸಲೇಮಿನಲ್ಲಿ 52 ವರ್ಷ ಆಳಿದ. ಫಿಲಿಷ್ಟಿಯರ ಊರುಗಳ ಗೋಡೆ ಕೆಡವಿದ. ಬುರುಜುಗಳನ್ನು ಕಟ್ಟಿಸಿದ. ದನಕರು ಬಹಳ ಇದ್ದದ್ದರಿಂದ ಅಡವಿಯಲ್ಲಿ ನೀರಿಗೆ ಹೊಂಡಗಳನ್ನು ತೋಡಿಸಿದ. ಬಾಣ, ದೊಡ್ಡ ಕಲ್ಲು ಎಸೆಯುವ ಯಂತ್ರಗಳನ್ನು ಕೋಟೆ ಮೇಲೆ ಇಡಿಸಿದ. 3,07,500 ಜನರ ಸೈನ್ಯ. ಇಷ್ಟರ ನಡುವೆ 10ನೇ ವಾಕ್ಯದಲ್ಲಿ ಒಂದು ಸಣ್ಣ ಮಾತು ಸಿಗುತ್ತದೆ, ಅವನಿಗೆ ಮಣ್ಣಿನ ಕೆಲಸ ಅಂದರೆ ಪ್ರೀತಿ ಅಂತ. ಕೂಟದಲ್ಲಿ ರೈತರಿದ್ದರೆ ಅಲ್ಲಿ ಒಂದು ಕ್ಷಣ ನಿಲ್ಲಿ. ಅವರಿಗೆ ಈ ಅರಸ ತಟ್ಟನೆ ಹತ್ತಿರದವನಾಗಿಬಿಡುತ್ತಾನೆ. ದುರ್ಗದವರಾದರೆ ಬತೇರಿ, ಹೊಂಡ ಅಂದರೆ ಸಾಕು, ಬೇರೆ ವಿವರಣೆ ಬೇಡ.

ಈಗ 15 ಮತ್ತು 16ನೇ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಹತ್ತು ನಿಮಿಷ ನಿಲ್ಲುವುದೇ ಈ ಎರಡರ ನಡುವಿನ ಸಂದಿಯಲ್ಲಿ. 15ನೆಯದು ಹೇಳುತ್ತದೆ: ಆಶ್ಚರ್ಯವಾಗುವಷ್ಟು ಸಹಾಯ ಸಿಕ್ಕಿ ಅವನು ಬಲವಾದ. 16ನೆಯದು ಶುರುವಾಗುತ್ತದೆ: ಬಲವಾದ ಮೇಲೆ ಅವನ ಹೃದಯ ಎತ್ತರವಾಯಿತು. ಒಂದೇ ಬಲ. ಒಂದು ವಾಕ್ಯದ ಕೊನೆಯಲ್ಲಿ ಅದು ಸಹಾಯದಿಂದ ಬಂದದ್ದು. ಮುಂದಿನ ವಾಕ್ಯ ಶುರುವಾಗುವಷ್ಟರಲ್ಲಿ ಅದು ಅವನದೇ ಆಗಿದೆ. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಸಹಾಯ ಅನ್ನುವ ಪದ ಮಾತ್ರ ಬಿದ್ದುಹೋಗಿದೆ.

ಹೆಸರನ್ನೂ ಗಮನಿಸಿ. ಉಜ್ಜೀಯ ಅಂದರೆ ಯೆಹೋವನೇ ನನ್ನ ಬಲ ಅಂತ ಅರ್ಥ (ಯೆಹೋವ ಅನ್ನುವುದು ದೇವರ ಹೆಸರು). 2 ಅರಸುಗಳು 15ರಲ್ಲಿ ಇದೇ ಅರಸನಿಗೆ ಅಜರ್ಯ ಅನ್ನುವ ಇನ್ನೊಂದು ಹೆಸರಿದೆ, ಅದರ ಅರ್ಥ ಯೆಹೋವನು ಸಹಾಯ ಮಾಡಿದ್ದಾನೆ ಅಂತ. ದಿನಾ ಜನ ಕೂಗುತ್ತಿದ್ದ ಹೆಸರಿನಲ್ಲೇ ಉತ್ತರ ಇತ್ತು, ಪಾಪ.

ಅವನು ಮಾಡಿದ ತಪ್ಪೇನು? ವಿಗ್ರಹ ಪೂಜೆ ಅಲ್ಲ, ಕೊಲೆ ಅಲ್ಲ. ಧೂಪ ಹಾಕಲು ದೇವಾಲಯದ ಒಳಗೆ ಹೋದ. ನೋಡುವವರಿಗೆ ಭಕ್ತಿ. ಆದರೆ ಆ ಕೆಲಸ ಆರೋನನ ಮನೆತನದ ಯಾಜಕರಿಗೆ ಮಾತ್ರ ಕೊಟ್ಟದ್ದು (ಯಾಜಕ ಅಂದರೆ ದೇವಾಲಯದ ಸೇವೆಗೆ ಬೇರ್ಪಟ್ಟವನು). ಅಜರ್ಯ ಅನ್ನುವ ಯಾಜಕ (ಅರಸನಲ್ಲ, ಅದೇ ಹೆಸರಿನ ಇನ್ನೊಬ್ಬ) 80 ಯಾಜಕರ ಜೊತೆ ಹಿಂದೆಯೇ ಹೋಗಿ, ಇದು ನಿನ್ನ ಕೆಲಸ ಅಲ್ಲ, ಹೊರಗೆ ಬಾ ಅಂದ. 19ನೇ ವಾಕ್ಯ ನೋಡಿ. ಕೈಯಲ್ಲಿ ಧೂಪಾರತಿ, ಮುಖದಲ್ಲಿ ಸಿಟ್ಟು. ಆಗಲೇ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡಿತು. ಸಾಯುವ ತನಕ ಬೇರೆ ಮನೆಯಲ್ಲಿ ಇದ್ದ, ಮಗ ಯೋತಾಮ ರಾಜ್ಯ ನೋಡಿಕೊಂಡ.

ಎಚ್ಚರಿಕೆ: ಕುಷ್ಠದ ಮಾತು ಬಂದಾಗ ಜೋಪಾನ. ಸತ್ಯವೇದದಲ್ಲಿ ಆ ಪದ ಹಲವು ಬಗೆಯ ಚರ್ಮರೋಗಕ್ಕೆ ಬರುತ್ತದೆ, ಗೋಡೆ ಬಟ್ಟೆಗೆ ಹಿಡಿಯುವ ಬೂಷ್ಟಿಗೂ ಬರುತ್ತದೆ. ಚಾಪೆಯ ಮೇಲೆ ಕೂತವರಲ್ಲಿ ಯಾರ ಮನೆಯಲ್ಲಿ ಯಾವ ಕಾಯಿಲೆ ಇದೆಯೋ ನಮಗೇನು ಗೊತ್ತು. ಕಾಯಿಲೆ ಬಂದವರೆಲ್ಲ ಪಾಪ ಮಾಡಿದವರು ಅನ್ನುವ ಹಾಗೆ ಒಂದು ಮಾತೂ ಜಾರಬಾರದು. ಯೋಹಾನ 9:3ರಲ್ಲಿ ಯೇಸುವೇ ಅದನ್ನು ಅಲ್ಲಗಳೆದಿದ್ದಾನೆ. ಈಗಿನ ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತದೆ. ಬೇಕಾದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

4. ಕೈಗೆ ಸಿಗುವ ಒಂದು ವಸ್ತು ಇಟ್ಟುಕೊಳ್ಳಿ

ದಾವಣಗೆರೆಯವರಿಗೆ ಇದು ಸುಲಭ. ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ಹೋಗಿ.

1 ಕೊರಿಂಥ 8:1ರಲ್ಲಿ ಪೌಲ, ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಅನ್ನುತ್ತಾನೆ. ಉಬ್ಬುವುದು ಅಂದರೇನು ಅಂತ ಮಂಡಕ್ಕಿ ಭಟ್ಟಿ ಇರುವ ಊರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಚಟಪಟ ಉಬ್ಬಿ ಹೂವಾಗುತ್ತದೆ. ಟಿವಿಎಸ್ ಗಾಡಿ ಮೇಲೆ ಸವಾರನ ತಲೆಗಿಂತ ಎತ್ತರಕ್ಕೆ ಚೀಲ ಕಟ್ಟಿಕೊಂಡು ಹೋಗುತ್ತಾರಲ್ಲ, ಹಿಂದೆ ಬರುವವರಿಗೆ ಗಾಡಿಯೇ ಕಾಣುವುದಿಲ್ಲ, ಅಷ್ಟು ದೊಡ್ಡದು. ಇಳಿಸುವಾಗ ಹತ್ತು ವರ್ಷದ ಹುಡುಗ ಒಂದು ಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಕ್ಕಿ ಚೀಲ ಅದರ ಅರ್ಧದಷ್ಟೂ ಇರುವುದಿಲ್ಲ, ಅದನ್ನು ಎತ್ತಲು ಇಬ್ಬರು ಬೇಕು. ಇಷ್ಟು ಹೇಳಿ, ನಿಮ್ಮ ಕೈಯಲ್ಲಿದ್ದ ಮಂಡಕ್ಕಿಯನ್ನು ಪಕ್ಕದವರ ಕೈಗೆ ಸುರಿದು ತೂಕ ನೋಡಿ ಅನ್ನಿ. ಮಂಡಕ್ಕಿಯನ್ನು ಬೈಯಲು ಮಾತ್ರ ಹೋಗಬೇಡಿ, ನಮ್ಮೂರಲ್ಲಿ ಅದಕ್ಕೆ ಕ್ಷಮೆ ಇಲ್ಲ.

ಚಿತ್ರದುರ್ಗದವರಾದರೆ ಓಬದ್ಯನ ಪುಸ್ತಕಕ್ಕೆ ಹೋಗಿ. (ಓಬದ್ಯ. ಓಬವ್ವ ಅಲ್ಲ, ಒಂದು ಕೂಟದಲ್ಲಿ ಹುಡುಗನೊಬ್ಬ ಹಾಗೇ ಓದಿ ಎಲ್ಲರೂ ನಕ್ಕರು.) ಹಳೆಯ ಒಡಂಬಡಿಕೆಯ ಅತಿ ಚಿಕ್ಕ ಪುಸ್ತಕ, ಒಂದೇ ಅಧ್ಯಾಯ, 21 ವಾಕ್ಯ. ಬೆಟ್ಟದ ಬಂಡೆ ಬಿರುಕುಗಳಲ್ಲಿ ಮನೆ ಮಾಡಿಕೊಂಡಿದ್ದ ಎದೋಮ್ಯರಿಗೆ ಹೇಳಿದ್ದು. ನನ್ನನ್ನು ನೆಲಕ್ಕೆ ಇಳಿಸುವವರು ಯಾರು ಅಂದುಕೊಂಡೆಯಲ್ಲ, ನಿನ್ನ ಹೃದಯದ ಗರ್ವವೇ ನಿನಗೆ ಮೋಸ ಮಾಡಿತು, ಅಂತ 3ನೇ ವಾಕ್ಯದ ಸಾರ. ಏಳು ಸುತ್ತಿನ ಕೋಟೆ, ಆ ಕಲ್ಲುಗುಂಡು ನೋಡುತ್ತಾ ಬೆಳೆದವರಿಗೆ ಬಂಡೆ ಕೊಡುವ ಧೈರ್ಯ ಎಂಥದ್ದು ಅಂತ ಗೊತ್ತು.

ಇಲ್ಲೂ ಒಂದು ಗುಂಡಿ ಇದೆ. ಉತ್ಸಾಹದಲ್ಲಿ, ನಮ್ಮ ಕೋಟೆಯೂ ಗರ್ವದಿಂದಲೇ ಬಿತ್ತು ಅಂದುಬಿಡಬೇಡಿ. 1779ರಲ್ಲಿ ಕೋಟೆ ಹೈದರಾಲಿಗೆ ಸಿಕ್ಕಿದ್ದಕ್ಕೆ ಯುದ್ಧ, ರಾಜಕೀಯದ ಕಾರಣಗಳಿವೆ. ಮದಕರಿ ನಾಯಕರನ್ನು ದುರ್ಗದ ಜನ ಮನೆಯವರ ಹಾಗೆ ನೆನೆಯುತ್ತಾರೆ. ನಿಮ್ಮ ಹತ್ತು ನಿಮಿಷಕ್ಕೆ ಅವರನ್ನು ಎಳೆದು ತರುವ ಹಕ್ಕು ಯಾರಿಗೂ ಇಲ್ಲ. ಬಂಡೆ ಹೋಲಿಕೆಗೆ ಮಾತ್ರ ಇರಲಿ.

5. ಬಲವೇ ತಪ್ಪು ಅಂತ ಹೇಳಬೇಡಿ

ಎರಡನೇ ಸಂಜೆ 2 ಪೂರ್ವಕಾಲವೃತ್ತಾಂತದ 27ನೇ ಅಧ್ಯಾಯ ಓದಿ. ಒಂಬತ್ತೇ ವಾಕ್ಯ. ಯಾರೂ ಓದುವುದಿಲ್ಲ, ಹೆಸರುಗಳ ಪಟ್ಟಿ ಅಂತ ಹಾರಿಸಿಬಿಡುತ್ತಾರೆ. ಮಗ ಯೋತಾಮ ಅಪ್ಪನ ಹಾಗೆಯೇ ಒಳ್ಳೆಯದನ್ನು ಮಾಡಿದ, ಆದರೆ ದೇವಾಲಯದೊಳಗೆ ನುಗ್ಗಲಿಲ್ಲ ಅಂತ 2ನೇ ವಾಕ್ಯ. ಅವನೂ ಬುರುಜು ಕಟ್ಟಿದ, ಅವನೂ ಯುದ್ಧ ಗೆದ್ದ. 6ನೇ ವಾಕ್ಯದಲ್ಲಿ ಅವನೂ ಬಲವಾದ, ತನ್ನ ದೇವರ ಮುಂದೆ ಸರಿಯಾಗಿ ನಡೆದುಕೊಂಡದ್ದರಿಂದ. ಅಪ್ಪನಿಗೆ ಬಂದ ಬಲವೇ ಮಗನಿಗೂ ಬಂತು, ಮಗನನ್ನು ಅದು ಕೆಡಿಸಲಿಲ್ಲ.

ಕೂಟದಲ್ಲಿ ಈ ವರ್ಷ ಸೈಟು ತೆಗೆದುಕೊಂಡವರು, ಮಗಳಿಗೆ ಮೆಡಿಕಲ್ ಸೀಟು ಸಿಕ್ಕವರು ಇರುತ್ತಾರೆ. ಅವರು ತಲೆ ತಗ್ಗಿಸಿ ಕೂರುವ ಹಾಗೆ ಮಾತಾಡಬೇಡಿ. ಧರ್ಮೋಪದೇಶಕಾಂಡ 8:17-18 ಓದಿಸಿ. ಸ್ವಂತ ಸಾಮರ್ಥ್ಯದಿಂದಲೇ ಸಂಪಾದಿಸಿದೆ ಅಂದುಕೊಳ್ಳಬೇಡ, ಸಂಪಾದಿಸುವ ಸಾಮರ್ಥ್ಯ ಕೊಟ್ಟವನು ಯಾರು ಅಂತ ನೆನಪಿಟ್ಟುಕೋ, ಅಷ್ಟೇ ಅಲ್ಲಿರುವುದು. ಸಂಪಾದಿಸಬೇಡ ಅಂತ ಎಲ್ಲೂ ಇಲ್ಲ.

ಆಮೇಲೆ ಯೋಹಾನ 13. ಯೇಸು ಶಿಷ್ಯರ ಕಾಲು ತೊಳೆದ ಕಥೆ ಎಲ್ಲರಿಗೂ ಗೊತ್ತು. ಆದರೆ 3ನೇ ವಾಕ್ಯವನ್ನು ನಿಧಾನವಾಗಿ ಓದಿ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದ, ಮೇಲಂಗಿ ತೆಗೆದಿಟ್ಟ, ಟವಲ್ ತೆಗೆದುಕೊಂಡು ಸೊಂಟಕ್ಕೆ ಕಟ್ಟಿದ. ಬಲ ಇಲ್ಲ ಅಂತ ಬಗ್ಗಿದ್ದಲ್ಲ. ಉಜ್ಜೀಯನ ಕೈಯಲ್ಲಿ ಧೂಪಾರತಿ, ಇಲ್ಲಿ ಟವಲ್. ಇದನ್ನು ಹೇಳಿ ಮುಂದಕ್ಕೆ ಹೋಗಿ, ವಿವರಿಸಲು ಕೂರಬೇಡಿ.

6. ಚಾಪೆಯ ಮೇಲೆ ಯಾರಿದ್ದಾರೆ ನೋಡಿ

ನನ್ನ ದೊಡ್ಡ ತಪ್ಪು ಆದದ್ದು ಇಲ್ಲಿಯೇ. ವರ್ಷಗಳ ಹಿಂದೆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದೇ ವಿಷಯ ಮಾತಾಡಿದೆ. ಹೆಸರು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಾಯಿತು, ಅವರಿಗೂ. ಮುಂದಿನ ವಾರದಿಂದ ಅವರು ಬರಲಿಲ್ಲ. ನಿಮ್ಮ ಟಿಪ್ಪಣಿಯಲ್ಲಿ ಯಾವುದಾದರೂ ಸಾಲು ಬರೆಯುವಾಗ ಒಬ್ಬರ ಮುಖ ಕಣ್ಮುಂದೆ ಬಂದರೆ ಆ ಸಾಲು ಹೊಡೆದುಹಾಕಿ. ಎಷ್ಟೇ ಚೆನ್ನಾಗಿದ್ದರೂ.

ಇನ್ನೊಂದು ಬದಿಯೂ ಇದೆ, ಅದರ ಬಗ್ಗೆ ನಾವು ಮಾತೇ ಆಡುವುದಿಲ್ಲ. ಮನೆಯಲ್ಲಿ ದಿನಾ ಬೈಸಿಕೊಂಡು, ಹೊಡೆಸಿಕೊಂಡು ಬಂದ ಹೆಂಗಸು ಅಲ್ಲಿ ಕೂತಿರಬಹುದು. ಇನ್ನೂ ತಗ್ಗು ಅಂತ ಅವಳಿಗೆ ಹೇಳುವುದು ಸುವಾರ್ತೆ ಅಲ್ಲ. ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ. ಲೂಕ 1:52ರಲ್ಲಿ ಯೇಸುವಿನ ತಾಯಿ ಮರಿಯಳು ಹಾಡುವುದು ಎರಡನ್ನೂ: ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದ, ದೀನರನ್ನು ಮೇಲಕ್ಕೆ ಎತ್ತಿದ. ಅರ್ಧ ಓದಿ ಕೈಬಿಡಬೇಡಿ. ದೀನತೆ ಅಂದರೆ ಏಟು ತಿಂದುಕೊಂಡಿರುವುದಲ್ಲ ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಸಾಲನ್ನು ನಾನು ಯಾವ ಮನೆಯಲ್ಲೂ ಬಿಡುವುದಿಲ್ಲ.

ಅಕ್ಕಪಕ್ಕದ ಬೇರೆ ಧರ್ಮದವರೂ ಬಂದಿರುತ್ತಾರೆ. ಅವರ ಆಚಾರಗಳನ್ನು ಗರ್ವಕ್ಕೆ ಉದಾಹರಣೆ ಮಾಡಬೇಡಿ. ಉಜ್ಜೀಯ ನಮ್ಮವನೇ ಅಲ್ವಾ, ಸಾಕು.

7. ಮೂರು ಪ್ರಶ್ನೆ, ಮೊದಲು ನಿಮಗೆ

ಮೂರನೇ ಸಂಜೆ ಬಾಗಿಲು ಹಾಕಿಕೊಂಡು ಇವಕ್ಕೆ ಉತ್ತರ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ.

ಈ ಒಂದೆರಡು ವರ್ಷದಲ್ಲಿ ನನಗೆ ಬಂದ ಬಲ ಯಾವುದು? ಸಂಬಳ, ಮನೆ, ಒಳ್ಳೆಯ ಗಂಟಲು, ಸಭೆಯಲ್ಲಿ ಒಂದು ಜವಾಬ್ದಾರಿ, ಏನಾದರೂ ಇರುತ್ತದೆ.

ಅದಕ್ಕೆ ಸಹಾಯ ಮಾಡಿದ ಮೂವರು ಯಾರು? ಹೆಸರು ಬರೆಯಿರಿ. "ದೇವರು" ಅಂತ ಒಂದೇ ಪದ ಬರೆದು ತಪ್ಪಿಸಿಕೊಳ್ಳಬೇಡಿ. ಅದು ನಿಜ, ಆದರೆ ಆತ ಸಾಮಾನ್ಯವಾಗಿ ಯಾರದೋ ಕೈಯಲ್ಲಿ ಕಳಿಸಿರುತ್ತಾನೆ. ಜಾಮೀನು ಹಾಕಿದ ಮಾವ, ಫೀಸು ಕಟ್ಟಿದ ಅಕ್ಕ, ಅಂಥವರು.

ಕೊನೆಯ ಸಲ ಯಾರಾದರೂ ಇದು ನಿಮ್ಮ ಕೆಲಸ ಅಲ್ಲ ಅಂದಾಗ ನನಗೆ ಏನಾಯಿತು? ಉಜ್ಜೀಯನಿಗೆ ಆಗ ಸಿಟ್ಟು ಬಂತು. ಈ ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ನಿಮ್ಮ ದನಿ ತಾನೇ ಮೆತ್ತಗಾಗುತ್ತದೆ, ಕೇಳುವವರಿಗೆ ಅದು ಗೊತ್ತಾಗುತ್ತದೆ.

8. ಹತ್ತು ನಿಮಿಷ ಅಂದರೆ ಹತ್ತೇ

ಮಂಡಕ್ಕಿಗೆ ಒಂದು ನಿಮಿಷ. ಉಜ್ಜೀಯನ ಕಥೆಗೆ ನಾಲ್ಕು. ಯೋತಾಮ, ಟವಲ್, ದೀನತೆ ಏನಲ್ಲ ಅನ್ನುವ ಆ ಸಾಲು ಎಲ್ಲಾ ಸೇರಿ ಎರಡು. ಮೂರು ಪ್ರಶ್ನೆಗಳಿಗೆ ಎರಡು, ಪ್ರತಿ ಪ್ರಶ್ನೆ ಆದ ಮೇಲೆ ಸ್ವಲ್ಪ ಸುಮ್ಮನಿರಿ. ಫ್ಯಾನಿನ ಸದ್ದು ಕೇಳಿಸುತ್ತದೆ, ಯಾರೋ ಕೆಮ್ಮುತ್ತಾರೆ, ಗಾಬರಿಯಾಗಿ ಆ ಖಾಲಿ ಜಾಗಕ್ಕೆ ಮಾತು ತುಂಬಬೇಡಿ. ಕೊನೆಯ ನಿಮಿಷ ಪ್ರಾರ್ಥನೆ. ಪ್ರಾರ್ಥನೆಯೊಳಗೆ ಮತ್ತೆ ಪ್ರಸಂಗ ಮಾಡಬೇಡಿ, ದೇವರಿಗೆ ಕಥೆ ಗೊತ್ತಿದೆ. ಹಿಂದಿನ ದಿನ ಮನೆಯಲ್ಲಿ ಟೈಮರ್ ಇಟ್ಟು ಒಂದು ಸಲ ಜೋರಾಗಿ ಹೇಳಿ ನೋಡಿ. ಹದಿನೈದು ಆಗುತ್ತದೆ. ಕತ್ತರಿಸಿ.

ನನ್ನ ಬಲಹೀನತೆಯಲ್ಲೇ ಬಲ ಅನ್ನುವ ಪೌಲನ ಮಾತು (2 ಕೊರಿಂಥ 12) ಸೇರಿಸಬೇಕು ಅಂತ ಆಸೆ ಆಗುತ್ತದೆ. ಬೇಡ. ಅದಕ್ಕೆ ಬೇರೆ ಶುಕ್ರವಾರ ಬೇಕು.

9. ಮುಗಿದ ಮೇಲೆ

ಯಾರಾದರೂ ಬಂದು ಚೆನ್ನಾಗಿ ಹೇಳಿದ್ರಿ ಅನ್ನುತ್ತಾರೆ. "ಅಯ್ಯೋ, ನನ್ನದೇನೂ ಇಲ್ಲ ಬಿಡಿ, ನಾನೆಷ್ಟರವನು" ಅಂತ ಎರಡು ನಿಮಿಷ ಎಳೆದರೆ ಅವರು ಇನ್ನೂ ಎರಡು ಸಲ ಹೊಗಳಬೇಕಾಗುತ್ತದೆ. ಥ್ಯಾಂಕ್ಸ್ ಅಂತ ಹೇಳಿ ಉಪ್ಪಿಟ್ಟಿನ ತಟ್ಟೆ ಹಂಚಲು ಏಳಿ. ಯಾರೂ ಏನೂ ಅನ್ನದೆ ಹೋದರೂ ಅದನ್ನೇ ಮಾಡಿ. ಹೇಗಿತ್ತು ಅಂತ ಕೇಳುತ್ತಾ ತಿರುಗಬೇಡಿ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಖು, ಯಾರ ಮನೆ, ಯಾವ ಅಧ್ಯಾಯ ಅಂತ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಮನೆಯಲ್ಲಿ ಅದೇ ಮಂಡಕ್ಕಿ ತೆಗೆಯುತ್ತೀರಿ, ಅಲ್ಲಿಯ ಅಜ್ಜಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.